ಹೊಳೆಯ ಈಚೆ ಉಳಿದದ್ದು

"ಈಗಷ್ಟೇ ಗದ್ದೆ ಕಡೆ ಹೋದ್ಯಲ್ಲೋ, ಅದ್ಯಾವ ಮಾಯದಲ್ಲಿ ಕಾರು ಹತ್ತಿದೆ?" ಎಂದಳು ಡೀ ಪೋ ಅಜ್ಜಿ.

ಸೇತುವೆ ದಾಟಿದ ಕೂಡಲೇ ಸಿಗುವ ಹುಣಸೆಮರದ ಬುಡದಲ್ಲಿ ಅವಳು ಕಳಲೆಯ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಸೋ ಥಾ ಬ್ಲೇ ಕಾರಿನ ಗಾಜು ಇಳಿಸಿ, ಹತ್ತು ವರ್ಷಗಳಿಂದ ರೂಢಿಯಾದ ನಗೆಯನ್ನು ಮುಖಕ್ಕೆ ತಂದುಕೊಂಡ. "ನಾನು ಅಜ್ಜಿ, ಬ್ಲೇ. ಪಾ-ಆನ್‌ನಿಂದ ಬರ್ತಿದೀನಿ. ಊರಿಗೆ ಬಂದು ಮೂರು ವರ್ಷ ಆಯ್ತು."

"ಮೂರು ವರ್ಷವಂತೆ!" ಅಜ್ಜಿ ಎಲೆಯಡಿಕೆಯ ಕೆಂಪನ್ನು ಪಕ್ಕಕ್ಕೆ ಉಗಿದಳು. "ಬೆಳಿಗ್ಗೆ ಈ ಬುಟ್ಟಿ ಎತ್ತಿ ಬೆನ್ನಿಗೆ ಕೊಟ್ಟೋರ್ಯಾರು, ನಿಮ್ಮಪ್ಪನಾ? ವೋಟು ಹತ್ರ ಬಂದ್ರೆ ನಿಮ್ಮಂಥೋರಿಗೆ ಮಾಡಿದ್ದೂ ಮರ್ತುಹೋಗತ್ತೆ, ಮಾಡದೇ ಇದ್ದದ್ದು ನೆನಪಿರತ್ತೆ."

ಡ್ರೈವರ್ ಚಿತ್ ಲ್ವಿನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ವಯಸ್ಸಾಯಿತು, ಅರುಳುಮರುಳು ಎಂದುಕೊಂಡ ಬ್ಲೇ. ಆದರೆ ಮುಂದೆ ಗದ್ದೆ ಪಕ್ಕದ ದಾರಿಯಲ್ಲಿ ಬರುತ್ತಿದ್ದ ಇಬ್ಬರು ಗಂಡಸರೂ ಕಾರಿಗೆ ದಾರಿ ಬಿಟ್ಟು, ದಿನಾ ನೋಡುವವನನ್ನು ನೋಡುವಂತೆ ಅವನನ್ನು ನೋಡಿ, ತಮ್ಮ ಮಾತು ಮುಂದುವರಿಸಿದರು. ಮಂತ್ರಿ ಬಂದನೆಂದು ಯಾರೂ ಓಡಿ ಬರಲಿಲ್ಲ.

ಮಂತ್ರಿಯಾಗುವ ಮೊದಲು ಅವನು ಮೇಷ್ಟ್ರಾಗಿದ್ದ. ಯುದ್ಧದ ವರ್ಷಗಳಲ್ಲಿ ಊರು ಕಾಡಿಗೆ ಓಡಿದಾಗೆಲ್ಲ ಕರಿಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದವನು. ಕದನವಿರಾಮದ ಮಾತುಕತೆಯಲ್ಲಿ ನಡೆದದ್ದನ್ನು ಬರೆದುಕೊಳ್ಳಲು ಅವನನ್ನು ಕೂರಿಸಿದ್ದರು. ಎರಡು ಕಡೆಯವರೂ ಮೇಜು ಗುದ್ದಿ ಎದ್ದು ನಿಂತಾಗ, ತಾಯಿ ಭತ್ತ ಕುಟ್ಟುತ್ತ ಹೇಳುತ್ತಿದ್ದ ಎರಡು ಸಾಲಿನ ಪದವೊಂದು ಅವನ ಬಾಯಿಂದ ತಾನಾಗಿ ಬಂತು. ಎಲ್ಲರೂ ನಕ್ಕುಬಿಟ್ಟರು, ಮತ್ತೆ ಕೂತರು. ಅಲ್ಲಿಂದ ಪಾ-ಆನ್‌ನಲ್ಲಿದ್ದ ಕರೆನ್ ರಾಜ್ಯದ ವಿಧಾನಸಭೆಗೆ, ಅಲ್ಲಿಂದ ಮಂತ್ರಿಗಿರಿಗೆ. ಅವನ ಭಾಷಣಕ್ಕೆ ಜನ ಮೂರು ಮೈಲಿ ನಡೆದು ಬರುತ್ತಿದ್ದದ್ದು ಆ ಪದಗಳಿಗಾಗಿ.

ತಾಯಿ ಸತ್ತ ಮೇಲೆ ಒಂದು ಪದವೂ ನಾಲಿಗೆಗೆ ಬಂದಿರಲಿಲ್ಲ. ಅಧಿಕಾರಿಗಳು ಬರೆದುಕೊಟ್ಟದ್ದನ್ನು ಓದುತ್ತಿದ್ದ. ಕನಸು ಬೀಳುತ್ತಿರಲಿಲ್ಲ. ಉಪ್ಪು ಉಪ್ಪಾಗಿರಲಿಲ್ಲ, ಬಿಸಿಲಲ್ಲಿ ನಿಂತರೆ ಮೈ ಕಾಯುತ್ತಿರಲಿಲ್ಲ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, ಏನೂ ಇಲ್ಲ ಅಂದಿದ್ದರು. ಏನೂ ಇಲ್ಲ ಎನ್ನುವುದೇ ನಿಜವೆಂದು ಅವನಿಗೆ ಅನ್ನಿಸಿತ್ತು. ಹೋದ ವಾರ ಅಕ್ಕ ಹೇಳಿಕಳಿಸಿದ್ದಳು: 'ನಿಂದೊಂದು ಇಲ್ಲಿ ಉಳ್ಕೊಂಡಿದೆ. ಬಂದು ತಗೊಂಡ್ಹೋಗು.'

ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ತಾಯಿಯ ಮನೆಯ ಮುಂದೆ ಕಾರು ನಿಂತಿತು. ಬಿದಿರ ಏಣಿಯ ಬುಡದಲ್ಲಿ ಮಲಗಿದ್ದ ನಾಯಿ ಎದ್ದು, ಅಪರಿಚಿತನನ್ನು ಕಂಡಂತೆ ಅವನ ಮೇಲೆ ಬೊಗಳಿತು. ಆಮೇಲೆ ತಲೆಯೆತ್ತಿ, ಏಣಿಯ ಮೂರನೆಯ ಮೆಟ್ಟಿಲನ್ನು ನೋಡಿ ಬಾಲ ಅಲ್ಲಾಡಿಸಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆದರೆ ಅದೊಂದು ಮಾತ್ರ, ದಿನಾ ಯಾರೋ ಕೂತು ಏಳುವ ಜಾಗದಂತೆ, ನುಣುಪಾಗಿ ಹೊಳೆಯುತ್ತಿತ್ತು.

"ಅದನ್ನ ತುಳೀಬೇಡ. ದಾಟಿ ಬಾ," ಎಂದಳು ಮೇಲಿನಿಂದ ಅಕ್ಕ ನೋ ಪೋ ವಾ.

ಚಾಪೆಯ ಮೇಲೆ ಎಲ್ಲ ಸಿದ್ಧವಾಗಿತ್ತು: ಅನ್ನದ ಉಂಡೆ, ಬಾಳೆಹಣ್ಣು, ಕಬ್ಬಿನ ತುಂಡು, ತಣ್ಣೀರು, ಬಿಳಿ ನೂಲು. ಒಲೆಯ ಬಳಿ ಎರಡು ತಟ್ಟೆ.

"ಅವತ್ತು ತಪ್ಪು ಮಾಡಿದೋಳು ನಾನು," ಎಂದಳು ಅಕ್ಕ. ಅವಳಿಗೆ ಪೀಠಿಕೆ ಹಾಕಿ ಗೊತ್ತಿರಲಿಲ್ಲ. "ಅಮ್ಮನ ಮಣ್ಣು ಮುಗಿಸ್ಕೊಂಡು ಹೊಳೆ ಹತ್ರ ಬಂದ್ವಲ್ಲ. ಕಡ್ಡಿ ಸೇತುವೆ ಇಟ್ಟು, ನೂಲು ಎಳೆದು, ಮನೆಯೋರ ಜೀವ ಎಲ್ಲಾ ಹೆಸರು ಹಿಡಿದು ಕರೆದೆ, ಸತ್ತೋರ ಹಿಂದೆ ಹೋಗ್ಬಾರ್ದು ಅಂತ. ವಾಡಿಕೆ ನೋಡು, ಬಾಯಿ ನಿಂದೂ ಹೆಸರು ಕರೀತು. ತಿರುಗಿ ನೋಡಿದ್ರೆ ನೀನೆಲ್ಲಿ? ನಿನ್ನ ಕಾರು ಆಗಲೇ ಪಾ-ಆನ್ ದಾರಿ ಹಿಡಿದಿತ್ತು. ಜೀವ ನನ್ನ ಹಿಂದೆ ಮನೆಗೆ ಬಂತು. ಮೈ ಪಟ್ಣ ಸೇರ್ತು."

ಬ್ಲೇಗೆ ಆ ಮಧ್ಯಾಹ್ನ ನೆನಪಾಯಿತು. ಆಚೆ ದಡದ ಮಸಣದಲ್ಲಿ, ಗುಂಡಿಯ ಬಳಿ, ತಾಯಿಗೆ ಸತ್ತವರ ಲೋಕದ ದಾರಿ ಹೇಳುವ ಪದವನ್ನು ಹಿರಿಮಗನಾಗಿ ಅವನೇ ಹೇಳುತ್ತಿದ್ದ.

ಅಲ್ಲಿ ಬೇರು ಮೇಲೆ, ಕೊಂಬೆ ಕೆಳಗೆ. ಅಲ್ಲಿಯ ಬಲಗೈ ಇಲ್ಲಿಯ ಎಡಗೈ,
ಏರಿ ಹರಿವ ನೀರಿನ ಗುಂಟ ಹೋಗು ತಾಯೇ, ಇಳಿದು ಹರಿವ ನೀರು ನಮ್ಮದು.

ಮುಂದಿನ ಸಾಲಿಗೆ ಬಾಯಿ ತೆರೆದಾಗ ಫೋನು ಬಂತು. ರಾಜಧಾನಿಯಿಂದ. ಅವನು ಹಾಗೆಯೇ ಹೋಗಿ ಕಾರಿನಲ್ಲಿ ಕೂತಿದ್ದ.

"ಮೂರು ವರ್ಷ ಏನ್ಮಾಡ್ತಿತ್ತು ಅದು?" ಎಂದು ಕೇಳಿದ, ನಗಲು ನೋಡುತ್ತ.

"ನಿನಗಿಂತ ವಾಸಿ. ಬೇಲಿ ಕಟ್ಟಿತು. ದಿನಾ ಮೆಟ್ಲ ಮೇಲೆ ಕೂತು ಅಮ್ಮನ ಪದ ಹೇಳತ್ತೆ. ಜಾಕೀಟು ತೆಗಿ. ಗಡಿಯಾರಾನೂ."

ಅವನು ಎಡಗೈಯ ಗಡಿಯಾರ ಬಿಚ್ಚಿ ಬಿಳಿ ಜಾಕೀಟಿನ ಜೇಬಿಗೆ ಹಾಕಿ, ಜಾಕೀಟನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ.

"ಒಂದು ಮಾತು, ಬ್ಲೇ. ನೂಲು ಕಟ್ಟಿದ ಮೇಲೆ ನಾಳೆ ಹೊತ್ತು ಹುಟ್ಟೋ ತನಕ ನೀರು ದಾಟ್ಬಾರ್ದು."

"ನಾಲ್ಕು ಗಂಟೆಗೆ ಪಾ-ಆನ್‌ನಲ್ಲಿ ಅಭ್ಯರ್ಥಿಗಳ ಪಟ್ಟಿಗೆ ಸಹಿ ಹಾಕ್ಬೇಕಕ್ಕ. ನಾನು ಇಲ್ದಿದ್ರೆ ನನ್ನ ಹೆಸರು ತೆಗೆದು ಬೇರೆಯೋನನ್ನ ಹಾಕ್ತಾರೆ. ಹಾಕೋಕೇ ಕಾಯ್ತಿದಾರೆ."

"ಹಂಗಿದ್ರೆ ಹೋಗು. ನನಗೇನು? ಇದು ಇಲ್ಲೇ ಇರತ್ತೆ, ನನಗೆ ಜೊತೆ. ಆದ್ರೆ ಇನ್ನೊಂದು ಸಲ ಕರೆದ್ರೆ ಬರಲ್ಲ. ಮೈ ಮರೆತುಹೋಗತ್ತೆ ಅದಕ್ಕೆ."

ಕೆಳಗೆ ಚಿತ್ ಲ್ವಿನ್ ಒಮ್ಮೆ ಹಾರ್ನ್ ಮಾಡಿದ. ಬ್ಲೇ ಗೋಡೆಯ ಮೇಲಿನ ತಾಯಿಯ ಮಾಸಿದ ಫೋಟೋ ನೋಡಿದ. ಗೂಟದಲ್ಲಿ ತೂಗುತ್ತಿದ್ದ ಜಾಕೀಟನ್ನು ನೋಡಿದ. ಆಮೇಲೆ ಎರಡೂ ಕೈ ಚಾಚಿ ಚಾಪೆಯ ಮೇಲೆ ಕೂತ.

ಅಕ್ಕ ಮರದ ಸೌಟಿನಿಂದ ಏಣಿಯ ತಲೆಯನ್ನು ಬಡಿಯತೊಡಗಿದಳು. "ಬಾ ಬ್ಲೇ, ಬಾ. ಹುಲಿ ಕಾಡಲ್ಲಿರಲಿ, ಮೀನು ಮಡುವಲ್ಲಿರಲಿ, ನೀನು ಮೈಗೆ ಬಾ." ಏಳು ಸಲ ಬಡಿದಳು. ಏಳನೆಯದಕ್ಕೆ ಉತ್ತರ ಕೊಡಬೇಕಾದವನು ಅವನೇ.

"ಬಂದೆ," ಎಂದ.

"ಬಂದೆ" ಎಂಬ ಮಾತು ಏಣಿಯ ಕಡೆಯಿಂದಲೂ ಕೇಳಿಸಿತು, ಅವನದೇ ದನಿಯಲ್ಲಿ, ಸ್ವಲ್ಪ ಎಳೆಯದಾಗಿ. ಮೂರನೆಯ ಮೆಟ್ಟಿಲು ಕಿರುಗುಟ್ಟಿತು. ನಾಲ್ಕನೆಯದು. ಐದನೆಯದು. ನಡು ಹಗಲು, ಒಲೆಯ ಹೊಗೆ ನೆಟ್ಟಗೆ ಏಳುತ್ತಿತ್ತು, ಕೋಳಿಗಳು ಕೆದಕುವುದನ್ನು ನಿಲ್ಲಿಸಿದ್ದವು. ಚಾಪೆ ಅವನ ಪಕ್ಕದಲ್ಲಿ ತುಸು ತಗ್ಗಿತು. ಅಕ್ಕ ಅವನ ಮುಖ ನೋಡದೆ, ಎಡಗೈಗೊಂದು ಬಲಗೈಗೊಂದು ನೂಲು ಸುತ್ತಿ ಗಂಟು ಹಾಕಿದಳು.

"ಉಣ್ಣು."

ಕಳಲೆಯ ಗಂಜಿಯ ಮೊದಲ ಗುಟುಕಿಗೆ ನಾಲಿಗೆ ಉರಿಯಿತು. ಉಪ್ಪು. ಮೆಣಸು. ಮೀನಿನ ಚಟ್ನಿಯ ಹಳೆಯ ವಾಸನೆ. ಕಣ್ಣಲ್ಲಿ ನೀರು ಬಂತು. ಅರ್ಧಕ್ಕೆ ನಿಂತಿದ್ದ ಪದದ ಮುಂದಿನ ಸಾಲು ತಾನಾಗಿ ತುಟಿಗೆ ಬಂದು ಕೂತಿತು.

"ಚಿತ್ ಲ್ವಿನ್‌ಗೆ ಹೇಳ್ಬಿಡ್ತೀನಿ," ಎಂದು ಅವನು ಎದ್ದ. "ನಾಳೆ ಬರ್ತೀನಿ, ಪಟ್ಟಿಯಿಂದ ಹೆಸರು ತೆಗೆದ್ರೆ ತೆಗೀಲಿ ಅಂತ."

ಅಷ್ಟರಲ್ಲಿ ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಬಾಗಿಲ ಪಕ್ಕದ ಗೂಟ ಖಾಲಿಯಾಗಿತ್ತು.

ಅವನು ಏಣಿಯ ತಲೆಗೆ ಬಂದು ನಿಂತ. ಕಾರು ಹುಣಸೆಮರದ ಬಳಿ ತಿರುಗಿ, ಸೇತುವೆಯ ಉದ್ಘಾಟನೆಗೆ ಅವನ ಹೆಸರು ಕೆತ್ತಿ ನೆಟ್ಟ ಕಲ್ಲನ್ನು ದಾಟಿ, ಸೇತುವೆಗೆ ಏರುತ್ತಿತ್ತು. ಹಿಂದಿನ ಸೀಟಿನಲ್ಲಿ ಬಿಳಿ ಜಾಕೀಟು ಕಂಡಿತು. ಕಿಟಕಿಯಿಂದ ಒಂದು ಕೈ ಹೊರಬಂದು, ಮಂತ್ರಿಗಳು ಬೀಸುವ ಹಾಗೆ, ಅವಸರವಿಲ್ಲದೆ ಊರಿಗೆಲ್ಲ ಬೀಸಿತು. ಅದು ಬಲಗೈ, ಪದದಲ್ಲಿದ್ದ ಅಲ್ಲಿಯ ಬಲಗೈ. ಮಣಿಕಟ್ಟಿನ ಮೇಲೆ ಗಡಿಯಾರ ಫಳಕ್ಕನೆ ಹೊಳೆಯಿತು.

"ಅಕ್ಕಾ..."

"ನೋಡಿದೆ," ಎಂದಳು ಅಕ್ಕ ಒಳಗಿನಿಂದ. ಅವಳು ಎರಡನೆಯ ತಟ್ಟೆಯನ್ನು ತೊಳೆದು ಬೋರಲು ಹಾಕುತ್ತಿದ್ದಳು.

ಡೀ ಪೋ ಅಜ್ಜಿ ಕಾರಿನ ಕಡೆ ತಲೆ ಎತ್ತಲಿಲ್ಲ. ಮರದ ಬುಡದಿಂದಲೇ ಮನೆಯತ್ತ ಮುಖ ಮಾಡಿ ಕೂಗಿದಳು. "ಬ್ಲೇ! ಎಷ್ಟು ಹೊತ್ತೋ ಕಾಯೋದು? ಬುಟ್ಟಿ ಎತ್ತಿಕೊಡು ಬಾರೋ!"

ಅವನು ಇಳಿದ. ಮೂರನೆಯ ಮೆಟ್ಟಿಲು ಅವನ ಭಾರಕ್ಕೆ ಕಿರುಗುಟ್ಟಿತು. ನಾಯಿ ಮೈಮುರಿದು ಎದ್ದು, ಬೊಗಳದೆ, ಅವನ ಹಿಂದೆ ನಡೆಯಿತು. ಬಿಸಿಲು ಬೆನ್ನನ್ನು ಸುಡುತ್ತಿತ್ತು. ಅಜ್ಜಿ ಕುಳಿತಲ್ಲೇ ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡಳು. ಅವನು ಬಗ್ಗಿ, ನೂಲು ಕಟ್ಟಿದ ಎರಡೂ ಕೈಗಳಿಂದ ಹಿಡಿದು, ಬುಟ್ಟಿಯನ್ನು ಎತ್ತಿದ. ಸಾಕಷ್ಟು ಭಾರವಿತ್ತು.