ಬೇವಿನ ಬುಡದ ಮಣ್ಣು

ನಮ್ಮದು ಜೈನರ ಮನೆ. ಕುಡಿಯುವ ನೀರನ್ನು ಇಂದಿಗೂ ಬಿಳಿ ಅರಿವೆಯಲ್ಲಿ ಸೋಸುತ್ತೇವೆ, ಒಂದು ಹನಿ ಚೆಲ್ಲಿದರೂ ಅತ್ತೆ ಬೈಯುತ್ತಿದ್ದರು. ಅದೇ ಮನೆಯ ಮಗ, ನನ್ನ ಗಂಡ ಭೀಮಗೊಂಡ, ಕಬ್ಬಿಗೆ ಮೋಟಾರು ಚಾಲೂ ಮಾಡಿ ಬಂದು ಹಾಯಾಗಿ ಮಲಗುತ್ತಿದ್ದರು. ನೀರು ಬದು ದಾಟಿ ಹರಿದರೂ ಕೇಳುವವರಿಲ್ಲ. ಕಬ್ಬು ಕಡಿದ ಮೇಲೆ ಉಳಿದ ಒಣಗರಿಗೆ, ರವದಿಗೆ, ಬೆಂಕಿ ಇಟ್ಟರು, ತಿಪ್ಪೆಗೊಬ್ಬರ ಬಿಟ್ಟು ಸರಕಾರಿ ಗೊಬ್ಬರ ಸುರಿದರು. ಒಂದು ವರ್ಷ ಎಕರೆಗೆ ನೂರು ಟನ್ ಬಂತು. ಕಾಗವಾಡದಲ್ಲಿ ಕರೆದು ಶಾಲು ಹೊದಿಸಿದರು. ಅಂದಿನಿಂದ ಇವರು ನೂರು ಟನ್ ಭೀಮಗೊಂಡ.

ಅತಿಯಾದರೆ ಅಮೃತವೂ ವಿಷ. ಈಗ ಆ ಹೊಲದ ತುಂಬ ಸವಳು. ಬೇಸಿಗೆಯಲ್ಲಿ ಉಪ್ಪು ಮೇಲೆದ್ದು, ಯಾರೋ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಮೂರು ವರ್ಷದಿಂದ ಕಬ್ಬು ಮೊಣಕಾಲು ದಾಟಿಲ್ಲ. ಮೊದಲ ವರ್ಷ ನಾನು ಅತ್ತುಬಿಟ್ಟೆ. ಆಮೇಲೆ ಅಳುವುದಕ್ಕೂ ಬೇಸರವಾಯಿತು.

ಯುಗಾದಿಯ ಮುಂದಿನ ವಾರ ಮಣ್ಣು ಪರೀಕ್ಷೆಯ ಸ್ನೇಹಲ ಬಂದು ಮನೆಗೊಂದು ಚೀಲ ಕೊಟ್ಟಳು.

"ಕಾಕಾ, ಎಂಟ ಜಾಗಾದಾಗ ಗೇಣ ಆಳ ಅಗದು, ಮಣ್ಣ ಕಲಸಿ ಕೊಡ್ರಿ. ಗಿಡದ ಬುಡಕ, ತಿಪ್ಪಿ ಹಂತ್ಯಾಕ ತಗೀಬ್ಯಾಡ್ರಿ. ಯಾರ ಮಣ್ಣಾಗ ಸವಳ ಐತಿ, ಅವರ ಹೊಲದಾಗ ನೆಲದೊಳಗ ಪೈಪ್ ಹಾಕಿ ಉಪ್ಪನೀರ ಹೊರಗ ತಗೀತಾರ. ಈ ಸಲ ತಪ್ಪಿದ್ರ ಮತ್ತ ಯಾವಾಗೋ ಗೊತ್ತಿಲ್ರಿ."

ಆ ಪೈಪು ಬಂದರೆ ಹೊಲ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ನನಗೂ ತಿಳಿಯಿತು.

ಮರುದಿನ ಇಬ್ಬರೂ ಹೊಲಕ್ಕೆ ಹೋದೆವು. ಇವರು ಗುದ್ದಲಿ ಹೊತ್ತು ನೇರವಾಗಿ ಮೂಲೆಯ ಬೇವಿನ ಗಿಡದ ಕಡೆ ನಡೆದರು. ಅದು ದಿಬ್ಬ, ಅಲ್ಲಿಗೆ ನೀರು ಎಂದೂ ಏರಿಲ್ಲ. ಮಣ್ಣು ಇನ್ನೂ ಕರ್ರಗೆ, ಮೆತ್ತಗಿದೆ.

"ಇಲ್ಲಿದ ಯಾಕ್ರಿ? ಆಕಿ ಬ್ಯಾಡ ಅಂದಾಳಲ್ಲ?"

"ರಿಪೋರ್ಟ್ ಪಂಚಾಯ್ತ್ಯಾಗ ಎಲ್ಲಾರ ಮುಂದ ಓದ್ತಾರ. ನೂರ ಟನ್ ಭೀಮಗೊಂಡನ ಮಣ್ಣ ಸತ್ತೈತಿ ಅನ್ನೂದನ್ನ ಬಾಜೂ ಹೊಲದ ಜಯಪಾಲ ಕೇಳ್ಬೇಕೇನ? ಪೈಪ್ ಹೆಂಗೂ ಎಲ್ಲಾರಿಗೂ ಹಾಕ್ತಾರ, ಸುಮ್ನಿರು."

ಬೀಗರು ಬಂದಾಗ ಹರಿದ ಚಾದರ ಒಳಗಿಟ್ಟು ಹೊಸದನ್ನು ಹಾಸುವ ಜನ ನಾವು. ಇವರು ಮಣ್ಣಿಗೂ ಅದನ್ನೇ ಮಾಡಿದರು. ಜಗಳ ಮಾಡಬೇಕಿತ್ತು. ನಾನು ಚೀಲದ ಬಾಯಿ ಹಿಡಿದು ನಿಂತೆ.

ತಿಂಗಳಾದ ಮೇಲೆ ಪಂಚಾಯಿತಿಯಲ್ಲಿ ಓದಿದರು. ಹನ್ನೊಂದು ಮಂದಿಯ ಮಣ್ಣಿನಲ್ಲಿ ಸವಳು, ಜಯಪಾಲನದೂ ಅದರಲ್ಲೇ. ಭೀಮಗೊಂಡನ ಮಣ್ಣು ಉತ್ತಮ. ಜಯಪಾಲ ತಲೆ ತಗ್ಗಿಸಿದ, ಇವರು ಮೀಸೆ ತಿರುವಿದರು. ಪೈಪು ಆ ಹನ್ನೊಂದು ಹೊಲಗಳಿಗೆ ಮಾತ್ರ ಎಂದಾಗಲೂ ಮೀಸೆಯ ಕೈ ಕೆಳಗಿಳಿಯಲಿಲ್ಲ.

ಹೊರಗೆ ಸ್ನೇಹಲ ನನ್ನನ್ನು ಪಕ್ಕಕ್ಕೆ ಕರೆದಳು. "ಕಾಕು, ನಿಮ್ಮ ಹೊಲಾ ರಸ್ತಾದಿಂದ ನೋಡೇನ್ರಿ, ಬೆಳ್ಳಗ ಐತಿ. ಈ ಮಣ್ಣ ಖರೇನ ಅಲ್ಲಿದೇನ್ರಿ? ಈಗ ಹೇಳಿದ್ರ ಮತ್ತೊಮ್ಮೆ ತಗೀತೀನಿ. ನಾಳೆ ಪೈಪಿನವರ ಹೆಸರಿನ ಯಾದಿ ಹೋಗ್ತೈತ್ರಿ."

ಇವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮೂರು ವರ್ಷದ ಮೇಲೆ ಅವರ ಮುಖದಲ್ಲಿ ನಗು ಇತ್ತು.

"ಅಲ್ಲಿದ ಐತಿ, ತಂಗಿ," ಎಂದೆ.

ಮಳೆಗಾಲಕ್ಕೆ ಮುಂಚೆ ಯಂತ್ರ ಬಂತು. ಜಯಪಾಲನ ಹೊಲ ಅಗೆಯುತ್ತ ನಮ್ಮ ಬದುವಿನವರೆಗೆ ಬಂದು, ಅಲ್ಲಿಂದ ಹಿಂದಕ್ಕೆ ತಿರುಗಿತು. ಎರಡು ಮಳೆ ಬಿದ್ದ ಮೇಲೆ ಪೈಪಿನ ಬಾಯಿಂದ ಹಳ್ಳಕ್ಕೆ ನೀರು ಇಳಿಯತೊಡಗಿತು. ಜಯಪಾಲ ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿ ಕೂಗಿದ: "ಕಾಕು, ಉಪ್ಪಂದ್ರ ಉಪ್ಪ ರಿ! ಹೊಂಟೈತಿ!"

ಇವರು ಬದುವಿನ ಮೇಲೆ ನಿಂತು ಆ ನೀರನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಆ ಹುಡುಗಿ ಅವತ್ತ ಕೇಳಿದಾಗ ನೀ ಖರೇ ಹೇಳಬೇಕಾಗಿತ್ತ."

"ಹೌದ್ರಿ," ಎಂದೆ.

ನನಗೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಹೊಲ ಹೋದದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ಭಯವಾಯಿತು.