ಕರಗುತ್ತಿದ್ದ ಅಜ್ಜಿ

ನೀರಿನ ಪಾಠವನ್ನು ಬರೀ ಬಾಯಿಮಾತಲ್ಲಿ ಮುಗಿಸುವ ಜಾಯಮಾನ ಆ ಶಿಶುವಿಹಾರದ ಟೀಚರಿಗಿರಲಿಲ್ಲ. ಮಕ್ಕಳು ಮೊಣಕೈವರೆಗೆ ತೊಯ್ಯಬೇಕು, ನೆಲ ಒರೆಸುವ ಆಯಾ ಗೊಣಗಬೇಕು, ಆಗಲೇ ಅವರಿಗೆ ಪಾಠ ನಡೆದಂತೆ. ಸೋಮವಾರ ಲೋಟಗಳಲ್ಲಿ ನೀರಿಟ್ಟು ಉಪ್ಪು, ಮರಳು, ಅಂಗಿಯ ಗುಂಡಿ, ಎಲ್ಲ ಹಾಕಿಸಿ ಕದಡಿಸಿದರು. ಉಪ್ಪು ಕಾಣದಾದಾಗ ಒಬ್ಬ ಪುಣ್ಯಾತ್ಮ ಮೇಜಿನ ಕೆಳಗೂ ಹುಡುಕಿದ. ಕರಗಿದ್ದು ಎಲ್ಲೂ ಓಡಿಹೋಗಿಲ್ಲ, ನೀರಲ್ಲೇ ಇದೆ, ಬೇಕಾದರೆ ನೆಕ್ಕಿ ನೋಡಿ ಎಂದರು ಟೀಚರ್. ನೆಕ್ಕಿದವರ ಮುಖಗಳನ್ನು ನೋಡಬೇಕಿತ್ತು!

ಗುರುವಾರ ಬೆಳಗ್ಗೆ ಒಬ್ಬ ತಾಯಿ ಅವರನ್ನು ಬಾಗಿಲಲ್ಲೇ ತಡೆದಳು. ಅವಳ ನಾಲ್ಕು ವರ್ಷದ ಮಗಳು ಎಲ್ಲದಕ್ಕೂ ‘ಯಾಕೆ’ ಅನ್ನುವವಳು. ಶಾಲೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು. ಈ ಯಾಕಮ್ಮ ಈಗ ಅಜ್ಜಿಗೆ ನೀರು ಮುಟ್ಟಗೊಡುತ್ತಿಲ್ಲವಂತೆ. ಲೋಟ ಎತ್ತಿದರೆ ಕಿತ್ತುಕೊಂಡು ಸುರಿಯುತ್ತಾಳೆ, ಸ್ನಾನವೆಂದರೆ ಬಚ್ಚಲ ಬಾಗಿಲಿಗೆ ಅಡ್ಡ ಮಲಗುತ್ತಾಳೆ. ಅಜ್ಜಿ ಜ್ವರದಿಂದ ಈಗಷ್ಟೇ ಎದ್ದವರು. ನೀರು ಕಡಿಮೆಯಾದರೆ ಮತ್ತೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದಾರೆ. ಅಜ್ಜಿಯೋ, ಮೊಮ್ಮಗಳು ಅತ್ತರೆ ತಾವೇ ಲೋಟ ಕೆಳಗಿಡುವ ಪೈಕಿ. ಮಗು ಶಾಲೆಗೆ ಹೋದಾಗ ಎರಡು ಗುಟುಕು ಕುಡಿದರೆ ಕುಡಿದರು.

“ನಮ್ಮತ್ತೆ ತುಟಿ ಒಡೆದುಹೋಗಿದೆ. ಅದೇನು ಹೇಳ್ಕೊಟ್ರಿ ಟೀಚರ್ ನೀವು?”

ಟೀಚರಿಗೆ ಭಯವಾಯಿತು. ಆದರೂ ಆ ಪುಟ್ಟ ತಲೆಯೊಳಗೆ ಏನು ಓಡುತ್ತಿದೆಯೆಂಬ ಕುತೂಹಲ ಭಯವನ್ನೂ ಮೀರಿಸಿತು. ಯಾಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು.

“ಪಕ್ಕದ್ಮನೆ ಆಂಟಿ ಹೇಳಿದ್ರು ಮಿಸ್, ಅಜ್ಜಿ ಕರಗಿ ಹೋಗಿದಾರೆ ಅಂತ. ಅರ್ಧ ಆಗ್ಬಿಟ್ಟಿದಾರಂತೆ,” ಎಂದಳು ಅವಳು. “ಇನ್ನರ್ಧಾನೂ ಹೋಗ್ಬಿಟ್ರೆ?”

ಸೊರಗಿದವರನ್ನು ಕಂಡರೆ ಕರಗಿ ಹೋದಿರಿ, ಅರ್ಧ ಆದಿರಿ ಎನ್ನುವ ನಾಲಿಗೆ ನಮ್ಮದು. ಅದರ ಜೊತೆಗೆ ಒಂದು ಲೋಟ ಉಪ್ಪುನೀರು ಸೇರಿದರೆ ಮಗು ಇನ್ನೇನು ತಾನೇ ತಿಳಿದುಕೊಂಡೀತು? ಹಾಗೆಂದರೆ ತೆಳ್ಳಗಾಗುವುದು ಅಷ್ಟೇ ಎಂದು ಟೀಚರ್ ಬಿಡಿಸಿ ಹೇಳಿದರು. ಯಾಕೆ ಎಂದಳು ಯಾಕಮ್ಮ. ಅಲ್ಲಿಗೆ ಮಾತಿನಿಂದ ಕೆಲಸ ಆಗದೆಂದು ಖಾತ್ರಿಯಾಯಿತು.

ಮರುದಿನ ಅಜ್ಜಿಯನ್ನೇ ತರಗತಿಗೆ ಕರೆಸಿದರು. ಮಕ್ಕಳ ಕುರ್ಚಿಯಲ್ಲಿ ಮುದುಡಿ ಕೂತ ಅಜ್ಜಿ ಕೈ ತೊಳೆದು, ಕುಡಿಯುವ ನೀರಿನ ಬೋಗುಣಿಯಲ್ಲಿ ಅದ್ದಿದರು. ಮಕ್ಕಳೆಲ್ಲ ಮುತ್ತಿಕೊಂಡರು. ಯಾಕಮ್ಮ ಮಾತ್ರ ರೆಪ್ಪೆ ಬಡಿಯದೆ ಆ ಬೆರಳುಗಳನ್ನೇ ದಿಟ್ಟಿಸಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಟೀಚರ್ ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ ಬೆರಳ ತುದಿಗಳು ಸುಕ್ಕುಗಟ್ಟತೊಡಗಿದವು.

“ಶುರುವಾಯ್ತು!” ಎಂದು ಚೀರಿ ಯಾಕಮ್ಮ ಅಜ್ಜಿಯ ಕೈಯನ್ನು ಹೊರಗೆಳೆದಳು.

ಅಯ್ಯೋ, ಇದು ತನಗೇಕೆ ಹೊಳೆಯಲಿಲ್ಲ ಎಂದು ಟೀಚರ್ ಒಳಗೊಳಗೇ ತಮ್ಮನ್ನು ಬೈದುಕೊಂಡರು. ಅಷ್ಟರಲ್ಲಿ ಯಾಕಮ್ಮ ಬೋಗುಣಿಯ ಮೇಲೆ ಬಗ್ಗಿ, ಬೆರಳು ಅದ್ದಿ ನಾಲಿಗೆಗಿಟ್ಟಳು. ಕಣ್ಣು ಮುಚ್ಚಿ ಚಪ್ಪರಿಸಿದಳು. ಇನ್ನೊಂದು ಕಡೆಯಿಂದಲೂ ನೆಕ್ಕಿ ನೋಡಿದಳು.

“ಅಜ್ಜಿ ಇದ್ರಲ್ಲಿಲ್ಲ,” ಎಂದಳು.

ಆಮೇಲೆ ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ, ಅರ್ಧ ನೆಲಕ್ಕೆ ಚೆಲ್ಲುತ್ತಾ ಒಂದು ಲೋಟ ತುಂಬಿಸಿ ಅಜ್ಜಿಗೆ ಕೊಟ್ಟಳು. ಅಜ್ಜಿ ಗಟಗಟನೆ ಕುಡಿದು, ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದರು.