ಗೋಮಾ ನುಂಗಿದ ಮೊದಲ ಮಾತ್ರೆ

ಒಸಾಕಾದ ದೋಶೋಮಾಚಿ ಬೀದಿಯಲ್ಲಿ ಬೇರು, ತೊಗಟೆ ಕುಟ್ಟಿ ಮಾರುತ್ತಿದ್ದ ನಮ್ಮ ಕಮೆಯಾ ಅಂಗಡಿ ಈಗ ಅರ್ಧ ಪ್ರಪಂಚಕ್ಕೆ ಹೃದಯದ ಮಾತ್ರೆ ಕೊಡುವ ಕಂಪನಿ. ನಾನು ಉಂಡಿದ್ದೂ ಅದರದೇ ಅನ್ನ, ಋಣ ದೊಡ್ಡದು. ಆದರೆ ಹೊರದೇಶದ ಕಂಪನಿಗಳನ್ನು ಕೊಂಡ ಮೇಲೆ ನಮ್ಮ ಮನೆಯ ರೂಢಿಗೂ ಹೊರಗಿನವರ ಒಪ್ಪಿಗೆ ಬೇಕಾಯಿತು.

ಪ್ರತಿ ಶರತ್ಕಾಲ ನಾವು ಪ್ರಯೋಗಾಲಯದ ಹಿತ್ತಲಿನ ನೆನಪಿನ ಕಲ್ಲಿನ ಮುಂದೆ ಸೇರುತ್ತೇವೆ. ಔಷಧದ ಪರೀಕ್ಷೆಯಲ್ಲಿ ಸತ್ತ ಇಲಿ, ಮೊಲ, ನಾಯಿಗಳಿಗಾಗಿ ಭಿಕ್ಷು ಮಂತ್ರ ಹೇಳುತ್ತಾರೆ, ನಾವು ಸೇವಂತಿಗೆ ಇಡುತ್ತೇವೆ. ಈ ವರ್ಷ ಸಂಶೋಧನೆಯ ಮುಖ್ಯಸ್ಥರಾಗಿ ಆಸ್ಟ್ರಿಯಾದಿಂದ ಬಂದ ರೋಸ್ವಿತಾ ಮೇಡಂ ಅದು ಬೇಡವೆಂದರು. ಪತ್ರಿಕೆಯವರು ಕಂಡರೆ ತಪ್ಪೊಪ್ಪಿಗೆ ಎಂದು ಬರೆಯುತ್ತಾರಂತೆ.

ನನಗೆ ಮೈ ಉರಿಯಿತು. ಅದಕ್ಕಿಂತ ದೊಡ್ಡ ಚಿಂತೆ ಕುರೊತಾನಿ ಡಾಕ್ಟರ ಬಗ್ಗೆ. ಹೃದಯದ ಮಾತ್ರೆಯ ಪರೀಕ್ಷೆಗಿದ್ದ ನಾಯಿಗಳನ್ನು ನೋಡಿಕೊಂಡ ಪಶುವೈದ್ಯರು ಅವರು. ನಿವೃತ್ತರಾದ ಮೇಲೂ ಒಂದು ವರ್ಷವೂ ಈ ಪೂಜೆ ತಪ್ಪಿಸಿದವರಲ್ಲ. ಈಗ ಕ್ಯಾನ್ಸರ್. ಮುಂದಿನ ಶರತ್ಕಾಲ ಅವರ ಪಾಲಿಗಿಲ್ಲ. ಅವರಿಗೆ ಬರಬೇಡಿ ಎನ್ನುವ ಕೆಲಸ ನನ್ನ ತಲೆಗೆ ಬಂತು.

ಹಿರಿಯರಿಗೆ ಮುಖಕ್ಕೆ ಹೊಡೆದಂತೆ ಹೇಳುವುದು ನಮ್ಮಲ್ಲಿ ಉಂಟೇ? ಫೋನಿನಲ್ಲಿ, "ಡಾಕ್ಟ್ರೇ, ಈ ಸಲ ಚಳಿ ಬೇಗ ಶುರುವಾಗಿದೆ. ದೂರದ ದಾರಿ ಬೇರೆ" ಎಂದೆ.

"ಹೌದಾ? ಹೇಳಿದ್ದು ಒಳ್ಳೇದಾಯ್ತು ಮಿನೋಬೆ" ಎಂದರು. ಅರ್ಥವಾಯಿತೆಂದು ಹಗುರಾದೆ.

ಆ ದಿನ ದಪ್ಪ ಕೋಟು ತೊಟ್ಟು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದೇಬಿಟ್ಟರು. ಕೈಯಲ್ಲಿ ಬೇಯಿಸಿದ ಗೆಣಸಿನ ಪೊಟ್ಟಣ.

"ನೀನು ಹೇಳ್ದಂಗೇ ಬೆಚ್ಚಗೆ ಬಂದಿದೀನಿ ಕಣಯ್ಯಾ. ಎಲ್ಲಿ, ಯಾರೂ ಕಾಣ್ತಿಲ್ಲ?"

ನಾಚಿಕೆಪಟ್ಟ ನನ್ನ ಮುಖ ನೋಡಿಯೇ ಅವರು ಪೂಜೆ ನಿಂತದ್ದನ್ನು ತಿಳಿದುಕೊಂಡರು. "ಇರ್ಲಿ ಬಿಡು, ಕಲ್ಲಂತೂ ಇದೆಯಲ್ಲ" ಎಂದು ಅದರ ಮುಂದೆ ಕೂತು ಗೆಣಸಿನ ಸಿಪ್ಪೆ ಸುಲಿಯತೊಡಗಿದರು.

ಕಿಟಕಿಯಿಂದ ನೋಡಿದ ಮೇಡಂ ಇಳಿದು ಬಂದರು. ನಮ್ಮ ಭಾಷೆಯನ್ನು ಚೆನ್ನಾಗಿಯೇ ಕಲಿತಿದ್ದರು. ನಾನು ಬೈಗುಳಕ್ಕೆ ಸಿದ್ಧನಾದೆ.

"ಯಾರಿಗೆ ಅಜ್ಜಾ ಇದು?"

"ಗೋಮಾಗೆ. ಕರೀ ನಾಯಿ. ಹೃದಯದ ಮಾತ್ರೆ ಇದೆಯಲ್ಲಮ್ಮ, ಅದನ್ನ ಮೊದಲು ನುಂಗಿದ್ದು ಇವಳೇ. ಕಹಿ ಅಂತ ಉಗೀತಿದ್ಳು. ಗೆಣಸಲ್ಲಿಟ್ಟು ಕೊಟ್ಟೆ, ನನ್ನ ನಂಬಿ ನುಂಗಿದ್ಳು."

"ಕ್ಷಮೆ ಕೇಳೋಕೆ ಬಂದ್ರಾ?"

"ಕ್ಷಮೆ ಕೇಳಿದ್ರೆ ಅವಳಿಗೇನು ಬಂತು? ನಿನ್ನಿಂದ ಉಪಕಾರ ಆಯ್ತು ಅಂತ ಹೇಳೋಕೆ ಬಂದೆ. ಹೇಳೋರು ಒಬ್ಬರಾದ್ರೂ ಬೇಡ್ವಾ?"

ಮೇಡಂ ಗೆಣಸಿನ ತುಂಡುಗಳತ್ತ ನೋಡಿದರು. ಆಮೇಲೆ, "ನಮ್ಮಪ್ಪ ಇದೇ ಮಾತ್ರೆ ತಗೋತಾರೆ. ಅಲ್ಲಿ ಹೆಸರು ಬೇರೆ" ಎಂದರು.

"ಹಾಗಾದ್ರೆ ನೀವೇ ಹೇಳಿ. ನನ್ನ ಬಾಯಲ್ಲಿ ಕೇಳಿ ಕೇಳಿ ಅವಳಿಗೂ ಸಾಕಾಗಿರತ್ತೆ."

ಮೇಡಂ ನನ್ನತ್ತ ತಿರುಗಿ, "ಎಲ್ಲರನ್ನೂ ಕರೀರಿ" ಎಂದರು. ಮಹಡಿಯಲ್ಲಿದ್ದವರೆಲ್ಲ ಬಿಳಿ ಕೋಟಿನಲ್ಲೇ ಇಳಿದು ಬಂದು ಸಾಲಾಗಿ ನಿಂತರು. ಮೇಡಂ ಮೊಣಕಾಲೂರಿ ಗೆಣಸಿನ ತುಂಡೊಂದನ್ನು ಕಲ್ಲಿನ ಮುಂದಿಟ್ಟರು.

"ನಮ್ಮಪ್ಪನ ಹೆಸರು ಆಲೋಯಿಸ್. ಈಗಲೂ ಬೆಟ್ಟ ಹತ್ತುತ್ತಾರೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಸರಿಯಾಗಿ ಊಟ ಮಾಡಲ್ಲ ಅಂತ ನನ್ನ ಬೈದ್ರು."

ಕಲ್ಲು ಏನು ಹೇಳೀತು? ಕುರೊತಾನಿ ಡಾಕ್ಟರೇ ಗೋಮಾಳ ಪರವಾಗಿ ತಲೆಬಾಗಿ ಉತ್ತರ ಕೊಟ್ಟರು.

"ಹೌದಾ? ಬೈತಾರಾ? ಹಾಗಾದ್ರೆ ಸಾರ್ಥಕವಾಯ್ತು."